ಕಾಗದವೋ ಪ್ಲಾಸ್ಟಿಕ್ಕೋ: ಮುದ್ದೆಮಾಲಿನ ಪಾಡು



ಈ ದತ್ತಿ ಉಪನ್ಯಾಸ ಯಾರ ಸ್ಮರಣೆಯಲ್ಲಿದೆಯೋ ಆ ವಕೀಲ ಸಾಹೇಬರ ಎದುರು ಸಾಕ್ಷಿಕಟ್ಟೆಯಲ್ಲಿ ನಿಂತವನು ನಾನು. ಅವರು ನನ್ನ ರಾಸಾಯನಿಕ ಪರೀಕ್ಷೆಯ ಗೊಡವೆಗೇ ಹೋಗಲಿಲ್ಲ. "ಈ ಪೊಟ್ಟಣ ನಿಮ್ಮ ಕೈಗೆ ಬರುವ ಮುಂಚೆ ಎಲ್ಲಿತ್ತು, ಹೆಂಗಿತ್ತು?" ಎಂದಷ್ಟೇ ಕೇಳಿದರು. ಅಂಥವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಗೌರವ. ವಿಷಯವನ್ನೂ ಅವರೇ ಕೊಟ್ಟುಹೋಗಿದ್ದಾರೆ ಎಂದುಕೊಂಡಿದ್ದೇನೆ.

ಸಾಕ್ಷ್ಯ ಸಂಗ್ರಹದ ಮೂಲಪಾಠಗಳನ್ನು ಬೇಗ ಮುಗಿಸುತ್ತೇನೆ. ಸ್ಥಳಕ್ಕೆ ಹಗ್ಗ ಕಟ್ಟುವುದು, ಫೋಟೋ ಆದ ಮೇಲೆಯೇ ವಸ್ತುವನ್ನು ಮುಟ್ಟುವುದು, ಒಂದೊಂದನ್ನೂ ಬೇರೆ ಬೇರೆ ಕಟ್ಟುವುದು, ಪಂಚರ ಸಹಿ, ಅರಗಿನ ಮೊಹರು, ಮಾದರಿ ಮೊಹರಿನ ಪ್ರತಿ ಇವೆಲ್ಲ ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 105ನೇ ಕಲಮಿನಂತೆ ಶೋಧ, ಜಪ್ತಿಗಳ ವಿಡಿಯೊ ಆಗಬೇಕು. 176(3)ರಂತೆ ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿ 28ರಂದು ಅಡಿಗಲ್ಲು ಬಿದ್ದಿದೆ. ಇದೆಲ್ಲ ಒಳ್ಳೆಯದೇ. ಆದರೆ ತಜ್ಞ ಬಂದು ಹೋದ ಮೇಲೆ ರಕ್ತದ ಅಂಗಿ ಮುದ್ದೆಮಾಲಾಗಿ, ಅಂದರೆ ಜಪ್ತಿಯಾದ ಸಾಕ್ಷ್ಯವಸ್ತುವಾಗಿ, ಠಾಣೆಯ ಕಪಾಟಿನಲ್ಲಿ ಯಾವುದರೊಳಗೆ ಮಲಗುತ್ತದೆ ಎಂಬುದೇ ನನ್ನ ಪ್ರಶ್ನೆ.

ನಾವು ಕೂತಿರುವ ಊರಿನಿಂದಲೇ ಶುರುಮಾಡೋಣ. 2010ರ ಆಗಸ್ಟ್‌ನಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಸಾಲಾಗಿ ಜೋಡಿಸಿಟ್ಟ ಮನುಷ್ಯರ ತಲೆಬುರುಡೆಗಳು ಕಂಡವು. ಒಂದೆರಡಲ್ಲ, ನೂರಾರು. ಪುರಾತತ್ವ ಇಲಾಖೆ ಉತ್ಖನನ ಮಾಡಿತು, ಜನ ಜಾತ್ರೆಯಂತೆ ಕೂಡಿದರು. ಮಾದರಿಗಳನ್ನು ಪರೀಕ್ಷಿಸಿದ ಭುವನೇಶ್ವರದ ಭೌತಶಾಸ್ತ್ರ ಸಂಸ್ಥೆ 638 ವರ್ಷ, 60 ವರ್ಷ ಆಚೀಚೆ ಎಂದಿತು. ಆ ಲೆಕ್ಕ ವಿಜಯನಗರ, ಬಹಮನಿಗಳ ಕಾಲಕ್ಕೆ ಹೋಗುತ್ತದೆ. ಇವು ಯುದ್ಧದಲ್ಲಿ ಸತ್ತವರವು ಎನ್ನುವ ಪಕ್ಷದವರು ಅದನ್ನು ಹಿಡಿದುಕೊಂಡರು. 1791–92ರ ಡೋಗಿ ಬರದಲ್ಲಿ ಸತ್ತವರವು ಎನ್ನುವ ಪಕ್ಷದವರಿಗೆ ಆ ಅಂಕಿ ಒಗ್ಗುವುದಿಲ್ಲ.

ಎರಡೂ ಪಕ್ಷದವರ ಮೇಲೆ ನನಗೆ ತಕರಾರಿದೆ. ಅವರು ವಯಸ್ಸಿನ ಬಗ್ಗೆ ಜಗಳಾಡಿದಷ್ಟು ಪೊಟ್ಟಣದ ಬಗ್ಗೆ ಜಗಳಾಡಲಿಲ್ಲ. ಇಂಗಾಲ ಪರೀಕ್ಷೆಗೆ ಹೋಗುವ ಎಲುಬಿನ ಚೂರಿಗೆ ಹತ್ತಿ, ಕಾಗದ, ಅರಗು ತಾಗಕೂಡದು, ಅವೆಲ್ಲವೂ ಇಂಗಾಲವೇ. ಹಸಿ ಎಲುಬನ್ನು ಮುಚ್ಚಿಟ್ಟು ಬೂಸ್ಟು ಬಂದರೆ ಆ ಹೊಸ ಇಂಗಾಲವೂ ಸೇರಿ ಎಲುಬು ಅದರ ನಿಜವಾದ ವಯಸ್ಸಿಗಿಂತ ಎಳೆಯದೆಂದು ತೋರುತ್ತದೆ. ಅದನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಅದೇ ಬುರುಡೆಯ ಹಲ್ಲಿನಿಂದ ಡಿಎನ್ಎ ತೆಗೆಯುವುದಿದ್ದರೆ ತೊಳೆಯದೆ, ಬರಿಗೈಯಲ್ಲಿ ಮುಟ್ಟದೆ, ನೆರಳಲ್ಲಿ ಆರಿಸಿ ಕಾಗದದಲ್ಲಿಡಬೇಕು. ಬುರುಡೆಯೊಳಗೆ ಕೂತ ಮಣ್ಣನ್ನು ಕೊಡವಿ ಚೆಲ್ಲದೆ ಬೇರೆ ಡಬ್ಬಿಗೆ ಹಾಕಬೇಕು. ಒಂದೇ ಬುರುಡೆ, ಕೇಳುವ ಪ್ರಶ್ನೆ ಮೂರು, ಹೊದಿಕೆಯೂ ಮೂರು. ಮುಂಡವಿಲ್ಲದ ಬುರುಡೆಗಳನ್ನು ಸಾಲಾಗಿ ಇಟ್ಟವರು ಯಾರು, ಯಾಕೆ ಎಂಬುದಕ್ಕೆ ಮಾತ್ರ ಯಾವ ಪೊಟ್ಟಣದಲ್ಲೂ ಉತ್ತರವಿಲ್ಲ. ಅದು ಸಾಲಿನಲ್ಲೇ ಇತ್ತು. ಯಾವುದರ ಪಕ್ಕ ಯಾವುದು, ಮುಖ ಯಾವ ದಿಕ್ಕಿಗೆ, ಎಷ್ಟು ಆಳದಲ್ಲಿ ಎಂಬ ನಕ್ಷೆ ಮಾತ್ರ ಆ ಸಾಕ್ಷಿಯನ್ನು ಉಳಿಸಬಲ್ಲದು. ಕೊಲೆ ನಡೆದ ಹೊಲಕ್ಕೂ ಇದೇ ಮಾತು ಸಲ್ಲುತ್ತದೆ. ಕುಡುಗೋಲನ್ನು ಕಟ್ಟಿ ತರಬಹುದು. ಅದು ಬದುವಿನ ಯಾವ ಬದಿಗೆ ಬಿದ್ದಿತ್ತು ಎಂಬುದನ್ನು ಕಟ್ಟಿ ತರಲಾಗದು.

ಇನ್ನು ನನ್ನ ಹಳೆಯ ಜಗಳಕ್ಕೆ ಬರುತ್ತೇನೆ.

ರಕ್ತದ ಅರಿವೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಕೂಡದು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೂ ಕಟ್ಟುತ್ತಾರೆ. ತರಬೇತಿಗೆ ಬಂದವರಿಗೆ ನಾನು ತೋರಿಸುವುದು ಇಷ್ಟೇ: ಕುರಿಯ ರಕ್ತದಲ್ಲಿ ಅದ್ದಿದ ಧೋತರದ ಎರಡು ತುಂಡು. ಒಂದನ್ನು ಹಸಿಯಾಗಿಯೇ ಜಿಪ್ ಚೀಲಕ್ಕೆ ಹಾಕುತ್ತೇನೆ, ಇನ್ನೊಂದನ್ನು ನೆರಳಲ್ಲಿ ಆರಿಸಿ ಖಾಕಿ ಲಕೋಟೆಗೆ. ಮಳೆಗಾಲದಲ್ಲಿ ಕೆಲವೇ ದಿನಕ್ಕೆ ಚೀಲದ ಒಳಮೈಯಲ್ಲಿ ಬೆವರು ನಿಲ್ಲುತ್ತದೆ, ಅರಿವೆಯ ಮಡಿಕೆಯಲ್ಲಿ ಬೂದು ಚುಕ್ಕೆಗಳು ಏಳುತ್ತವೆ. ಚೀಲ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳಬೇಕು. ಆ ನಾತ ಬರುವುದು ಸೂಕ್ಷ್ಮಜೀವಿಗಳಿಂದ, ಅವು ಅರಗಿಸಿಕೊಳ್ಳುತ್ತಿರುವುದು ನಮಗೆ ಬೇಕಾದ ಡಿಎನ್ಎಯನ್ನೇ. ಲಕೋಟೆಯ ತುಂಡು ಗರಿಗರಿಯಾಗಿ, ಕಂದು ಕಲೆಯೊಂದಿಗೆ ಹಾಗೇ ಇರುತ್ತದೆ.

ಇದಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದು ಇಲಿಯದು. ಕಾಗದವನ್ನು ಇಲಿ, ಗೆದ್ದಲು ತಿನ್ನುತ್ತವೆ, ಪ್ಲಾಸ್ಟಿಕ್ಕಾದರೆ ಉಳಿಯುತ್ತದೆ ಎನ್ನುತ್ತಾರೆ. 2022ರಲ್ಲಿ ಮಥುರಾದ ಪೊಲೀಸರು ಜಪ್ತಿಯಾದ 581 ಕೆ.ಜಿ. ಗಾಂಜಾವನ್ನು ಇಲಿಗಳು ತಿಂದವು ಎಂದು ಕೋರ್ಟಿಗೆ ಹೇಳಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಇಲಿಗೆ ಪ್ಲಾಸ್ಟಿಕ್ ಯಾವ ಲೆಕ್ಕ? ಇಲಿಗೆ ಮದ್ದು ತಗಡಿನ ಪೆಟ್ಟಿಗೆ. ಲಕೋಟೆಯನ್ನು ಅದರೊಳಗಿಡಿ. ಇಲಿಯ ನೆಪ ಹೇಳಿ ಅರಿವೆಯನ್ನು ಕೊಳೆಸುವುದು ವಾದವಾಗುವುದಿಲ್ಲ.

ಎರಡನೆಯದು, ಬಿಚ್ಚಿದರೆ ಗುರುತು ಉಳಿಯುವ ಹೊಸ ಚೀಲಗಳು ಬಂದಿವೆ, ಅರಗು, ಬಿಳಿ ಅರಿವೆಗಳ ಕಾಲ ಮುಗಿಯಿತು ಎನ್ನುವ ಕಿಟ್ ಪಕ್ಷದವರದು. ಚೀಲದ ಬಾಯಿ ಭದ್ರವಾಗಿದೆ, ಒಪ್ಪಿದೆ. ಒಳಗಿನದು ಕೊಳೆತ ಮೇಲೆ ಬಾಯಿ ಭದ್ರವಿದ್ದು ಏನು ಬಂತು? ಮೊಹರು ಕಾಯುವುದು ಕೈಚಳಕದಿಂದ, ಕಾಗದ ಕಾಯುವುದು ತೇವದಿಂದ. ಎರಡೂ ಬೇಕು. ನಮ್ಮ ಫೌಜದಾರರು ತಲೆಮಾರುಗಳಿಂದ ಹೊಲಿಸಿ, ಅರಗು ಹಾಕಿ ಕಳಿಸುತ್ತಿದ್ದ ಬಿಳಿ ಅರಿವೆಯ ಗಂಟಿಗೆ ಉಸಿರಾಟವಿತ್ತು. ಹಳೆಯದೆಂದು ನಕ್ಕವರು ಅದನ್ನು ಒಮ್ಮೆ ಪರೀಕ್ಷಿಸಿ ನೋಡಬೇಕಿತ್ತು.

ಮೂರನೆಯದಕ್ಕೆ ತೂಕವಿದೆ. 2025ರ ಜುಲೈನಲ್ಲಿ ಕಟ್ಟವೆಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಗೆ ಗುರಿಯಾಗಿದ್ದವನನ್ನು ಬಿಡುಗಡೆ ಮಾಡುತ್ತ, ಡಿಎನ್ಎ ಮಾದರಿಗಳು ಸಂಗ್ರಹಿಸಿದ 48 ತಾಸಿನೊಳಗೆ ಪ್ರಯೋಗಾಲಯ ಮುಟ್ಟಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ ಇರಬೇಕು, ವಿಚಾರಣಾ ನ್ಯಾಯಾಲಯದ ಅಪ್ಪಣೆಯಿಲ್ಲದೆ ಪೊಟ್ಟಣ ಬಿಚ್ಚಬಾರದು ಎಂದು ನಿರ್ದೇಶನ ಕೊಟ್ಟಿತು. ವಕೀಲ ಸಾಹೇಬರು ಜೀವಮಾನವಿಡೀ ಕೇಳಿದ್ದೂ ಇದನ್ನೇ. ಆದರೆ ಈ ತೀರ್ಪನ್ನು ಎದುರಿಗಿಟ್ಟು "48 ತಾಸಿನ ಗಡುವು, ಆರಿಸಲು ಪುರಸೊತ್ತೆಲ್ಲಿ?" ಎಂದು ಕೆಲವರು ಹಸಿಯನ್ನೇ ಕಟ್ಟಲು ಹೇಳುತ್ತಿದ್ದಾರೆ. ಇದು ತೀರ್ಪಿನ ತಪ್ಪು ಓದು. ವಿಳಂಬವಾದರೆ ಕಾರಣವನ್ನು ಬರೆದಿಡಿ ಎಂದು ಅದೇ ತೀರ್ಪು ಹೇಳಿದೆ. ನವಲಗುಂದದ ಏಪ್ರಿಲ್ ಬಿಸಿಲಲ್ಲಿ ನೆರಳಿಗೆ ಹಾಕಿದ ಅಂಗಿ ಒಂದು ಹಗಲಿಗೆ ಆರುತ್ತದೆ. ಕಲಘಟಗಿಯಲ್ಲಿ ಭತ್ತದ ನಾಟಿಯ ಹೊತ್ತಿಗೆ ಎರಡು ದಿನಕ್ಕೂ ಆರುವುದಿಲ್ಲ. ಬಿಸಿಲಿಗೆ ಹಾಕುವಂತಿಲ್ಲ, ಒಲೆಯ ಮುಂದೆ ಹಿಡಿಯುವಂತಿಲ್ಲ. ಎರಡೂ ಡಿಎನ್ಎಗೆ ಕೇಡು. ಒಂದೇ ತಾಲೂಕಿನ ಹವೆ ನೋಡಿ ಇಡೀ ಜಿಲ್ಲೆಗೆ ನಿಯಮ ಬರೆಯುವವರು ಬೆಣ್ಣೆಹಳ್ಳದಿಂದ ಕಲಘಟಗಿಯ ಕಾಡಂಚಿನವರೆಗೆ ಮಳೆಗಾಲದಲ್ಲಿ ಒಂದು ಸುತ್ತು ಬರಲಿ.

ನನ್ನ ತೀರ್ಮಾನ ಇದು. ಹೊಸ ಕಿಟ್‌ಗಿಂತ ಮೊದಲು ಪ್ರತಿ ಠಾಣೆಗೆ ಬೀಗ ಹಾಕಬಹುದಾದ, ಗಾಳಿಯಾಡುವ ಒಂದು ಒಣಗಿಸುವ ಕಪಾಟು ಬೇಕು. ಒಂದು ಹೊತ್ತಿಗೆ ಒಂದೇ ಪ್ರಕರಣದ ಅರಿವೆ, ಕೆಳಗೆ ಹೊಸ ಕಾಗದ, ಆರಿದ ಮೇಲೆ ಮಡಿಕೆಗಳ ನಡುವೆಯೂ ಕಾಗದ. ಕೆಳಗೆ ಹಾಸಿದ ಕಾಗದವನ್ನೂ ಎಸೆಯದೆ ಜೊತೆಗೇ ಕಟ್ಟಬೇಕು, ಅದರ ಮೇಲೆ ಕೂದಲು ಉದುರಿರಬಹುದು. ಹಸಿಯದನ್ನು ಪ್ಲಾಸ್ಟಿಕ್ಕಿನಲ್ಲಿ ಒಯ್ಯಲೇಬೇಕಾದರೆ ಸ್ಥಳದಿಂದ ಠಾಣೆಯವರೆಗೆ, ಒಂದೆರಡು ತಾಸಿನ ಮಟ್ಟಿಗೆ ಮಾತ್ರ.

ಎಲ್ಲಕ್ಕೂ ಕಾಗದವೇ ಮದ್ದು ಎನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಪೆಟ್ರೋಲು ಸುರಿದು ಬಣವೆ ಸುಟ್ಟರೆ ಆ ಬೂದಿಗೆ ಕಾಗದ ನಿಷ್ಪ್ರಯೋಜಕ. ಬಿಗಿ ಮುಚ್ಚಳದ ತಗಡಿನ ಡಬ್ಬಿಯೇ ಬೇಕು, ಇಲ್ಲದಿದ್ದರೆ ವಾಸನೆಯೊಂದಿಗೆ ಸಾಕ್ಷಿಯೂ ಹಾರಿಹೋಗುತ್ತದೆ. ನಮ್ಮ ಹತ್ತಿ, ಮೆಣಸಿನಕಾಯಿ ಸೀಮೆಯಲ್ಲಿ ಕೀಟನಾಶಕದ ಎಣ್ಣೆ ಕುಡಿದು ಸತ್ತ ಪ್ರಕರಣಗಳು ಕಡಿಮೆಯಿಲ್ಲ. ಅಲ್ಲಿ ಅಂಗಾಂಗಗಳಿಗೆ ಗಾಜಿನ ಬಾಟಲಿ, ಪರ್ಯಾಪ್ತ ಉಪ್ಪುನೀರು, ಜೊತೆಗೆ ಅದೇ ಉಪ್ಪುನೀರಿನ ಬೇರೆ ಮಾದರಿ. ಆ ಮಾದರಿ ಕಳಿಸದಿದ್ದರೆ ವಿಷ ಹೊಟ್ಟೆಯಲ್ಲಿತ್ತೋ ಉಪ್ಪಿನಲ್ಲಿತ್ತೋ ಎಂದು ವಕೀಲರು ಕೇಳುತ್ತಾರೆ, ಕೇಳಲೇಬೇಕು.

ಕೊನೆಯ ಮಾತು ಪೊಲೀಸರಿಗಲ್ಲ, ಹಿಂದಿನ ಸಾಲಿನಲ್ಲಿ ಕೂತ ರೈತ ಬಂಧುಗಳಿಗೆ. ನಾಳೆ ನಿಮ್ಮನ್ನು ಪಂಚರೆಂದು ಕರೆಯಬಹುದು. ಠಾಣೆಗೆ ಹೋಗಿ ಬರೆದಿಟ್ಟ ಕಾಗದಕ್ಕೆ ಸಹಿ ಹಾಕಿ ಬರಬೇಡಿ. ವಸ್ತು ಬಿದ್ದ ಜಾಗದಲ್ಲೇ ನಿಂತು ನೋಡಿ. ಅದು ಹಸಿ ಇತ್ತೋ ಒಣಗಿತ್ತೋ, ಯಾವುದರೊಳಗೆ ಕಟ್ಟಿದರು, ಮೊಹರು ನಿಮ್ಮ ಕಣ್ಣೆದುರಿಗೆ ಬಿತ್ತೋ ಇಲ್ಲವೋ ಎಂದು ಪಂಚನಾಮೆಯಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.