ಹೃದಯದ ಚಿಕಿತ್ಸೆಯ ನಂತರ ಕಾಯಕಕ್ಕೆ ಮರಳುವ ದಾರಿ

(ವಿಟ್ಲದಲ್ಲಿ ನಡೆದ ಮಾಸಿಕ ಗೋಷ್ಠಿಯೊಂದರಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಎದೆನೋವು ಬಂದ ಕೂಡಲೇ ಏನು ಮಾಡಬೇಕೆಂಬ ಅರಿವು ಈಗ ನಮ್ಮ ಜನರಲ್ಲಿ ಹೆಚ್ಚಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಹಳ್ಳಿಹಳ್ಳಿಯಲ್ಲೂ ಈ ಮಾತು ಬಂತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ನಮ್ಮ ಜಿಲ್ಲೆಯಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸ್ಆಪ್ ಮೂಲಕವೇ ತಜ್ಞರ ಸಲಹೆ ಸಿಗುವಂತೆ ಮಾಡಿದ್ದಾರೆ. ಇವುಗಳಿಂದ ಜೀವ ಉಳಿಯುತ್ತಿದೆ.

ನಾನು ಇಂದು ಮಾತಾಡಬೇಕೆಂದಿರುವುದು ಅದರ ಮುಂದಿನ ಭಾಗವನ್ನು. ಜೀವ ಉಳಿಯಿತು, ಸ್ಟೆಂಟ್ ಹಾಕಿದರು ಅಥವಾ ಬೈಪಾಸ್ ಆಯಿತು, ಮನೆಗೆ ಬಂದರು. ಆಮೇಲೆ ಏನು?

ಮನೆಗೆ ಬಂದವರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಕೆಲವರು ಹೆದರಿ ಕುರ್ಚಿ ಬಿಟ್ಟು ಏಳುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಹೃದಯ ನಿಂತೀತೆಂಬ ಭಯ. ಮನೆಯವರೂ ಪ್ರೀತಿಯಿಂದಲೇ ಅವರನ್ನು ಕೂರಿಸಿಬಿಡುತ್ತಾರೆ. ಇನ್ನು ಕೆಲವರು ಸ್ಟೆಂಟ್ ಬಿದ್ದಿತಲ್ಲ, ಇನ್ನೇನಿದೆ ಎಂದು ಮೂರೇ ತಿಂಗಳಿಗೆ ಮಾತ್ರೆ ಬಿಟ್ಟು ಮತ್ತೆ ಬೀಡಿ ಹಚ್ಚುತ್ತಾರೆ. ಇಬ್ಬರೂ ಅಪಾಯದಲ್ಲಿದ್ದಾರೆ. ಸ್ಟೆಂಟ್ ತೆರೆಯುವುದು ಮುಚ್ಚಿಹೋದ ಆ ಒಂದು ಜಾಗವನ್ನು ಮಾತ್ರ. ರಕ್ತನಾಳದಲ್ಲಿ ಕೊಬ್ಬು ಕಟ್ಟಿಸಿದ ಕಾರಣಗಳು ದೇಹದಲ್ಲಿ ಹಾಗೆಯೇ ಇರುತ್ತವೆ.

ವೈದ್ಯರೂ ಒಂದು ಕಾಲದಲ್ಲಿ ರೋಗಿಯನ್ನು ಆರು ವಾರ ಹಾಸಿಗೆ ಬಿಟ್ಟು ಏಳಗೊಡುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಬಾಸ್ಟನ್ನಿನ ಲೆವಿನ್ ಮತ್ತು ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ, ಅದರಿಂದ ಒಳಿತೇ ಆಗುತ್ತದೆಂದು ತೋರಿಸಿದರು. ಅಲ್ಲಿಂದ ಕುರ್ಚಿ, ಕುರ್ಚಿಯಿಂದ ನಡಿಗೆ, ನಡಿಗೆಯಿಂದ ವ್ಯಾಯಾಮ ಎಂದು ವೈದ್ಯಶಾಸ್ತ್ರ ಬದಲಾಯಿತು. ಇದಕ್ಕೆ ಹೃದಯ ಪುನಶ್ಚೇತನ ಎನ್ನುತ್ತಾರೆ. ರೋಗಿ ತನ್ನದೇ ಪ್ರಯತ್ನದಿಂದ ಸಮಾಜದಲ್ಲಿ ತನ್ನ ಸ್ಥಾನಕ್ಕೆ ಮರಳಬೇಕು, ಅದಕ್ಕೆ ಬೇಕಾದ ಎಲ್ಲ ನೆರವೂ ಪುನಶ್ಚೇತನವೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯ ಸಾರ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನುಷ್ಯನನ್ನು ಅವನ ಕಾಯಕಕ್ಕೆ ಮರಳಿಸುವುದು. ವ್ಯಾಯಾಮವುಳ್ಳ ಪುನಶ್ಚೇತನದಿಂದ ಹೃದಯ ಕಾಯಿಲೆಯ ಸಾವು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕಂಡುಬಂದಿದೆ.

ವಿಟ್ಲದಂಥ ಊರಿನ ತೊಂದರೆ ಬೇರೆ. ತಜ್ಞರು, ಫಿಸಿಯೋಥೆರಪಿ ಇರುವುದು ಸುಮಾರು 40 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಹೋಗಿಬರಲು ಯಾರಿಗೆ ಸಾಧ್ಯ? ಹಾಗಾಗಿ ಇದು ಮನೆಯಲ್ಲೇ ಆಗಬೇಕು. ಆಗುತ್ತದೆ ಕೂಡ. ನಮ್ಮ ದೇಶದ 24 ಆಸ್ಪತ್ರೆಗಳ ಸುಮಾರು 4,000 ಹೃದಯಾಘಾತದ ರೋಗಿಗಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಸರಳ ಯೋಗ, ಉಸಿರಾಟದ ಅಭ್ಯಾಸ ಮತ್ತು ತಿಳಿವಳಿಕೆ ಪಡೆದವರು ತಮ್ಮ ಹಿಂದಿನ ದಿನಚರಿಗೆ ಹೆಚ್ಚು ಚೆನ್ನಾಗಿ ಮರಳಿದರು. ಆದರೆ ಮತ್ತೆ ಹೃದಯಾಘಾತವಾಗುವುದನ್ನು ಅದು ತಡೆಯಿತೆಂದು ಖಚಿತವಾಗಲಿಲ್ಲ. ಆದ್ದರಿಂದ ಯೋಗ ಮಾಡಿ, ಮಾತ್ರೆ ಬಿಡಬೇಡಿ.

ನಡಿಗೆಯ ಕ್ರಮ ಹೇಳುತ್ತೇನೆ. ನಿಮ್ಮ ವೈದ್ಯರನ್ನು ಕೇಳಿಯೇ ಶುರು ಮಾಡಿ. ಮೊದಲ ವಾರ ಸಮತಟ್ಟಾದ ಜಾಗದಲ್ಲಿ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಆಮೇಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ಅಂದರೆ 150 ನಿಮಿಷಕ್ಕೆ ತಲುಪಬೇಕು. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಈ ಊರಿನಲ್ಲಿ ಮನೆ ಗುಡ್ಡದ ಮೇಲೆ, ಅಡಿಕೆ ತೋಟ ಕೆಳಗೆ. ಇಳಿಯುವುದು ಸುಲಭ, ಮರಳಿ ಹತ್ತುವಾಗ ಹೃದಯಕ್ಕೆ ಭಾರ. ಏರು ದಾರಿ ಕೊನೆಯ ಹಂತಕ್ಕಿರಲಿ. ಊಟವಾದ ತಕ್ಷಣ, ಸುಡುಬಿಸಿಲಿನಲ್ಲಿ ನಡೆಯಬೇಡಿ. ಬೈಪಾಸ್ ಆದವರ ಎದೆಮೂಳೆ ಕೂಡಲು ಆರರಿಂದ ಎಂಟು ವಾರವಾದರೂ ಬೇಕು. ಅಲ್ಲಿಯವರೆಗೆ ಬಾವಿಯಿಂದ ನೀರು ಸೇದುವುದು, ಅಡಿಕೆ ಗೋಣಿ ಎತ್ತುವುದು, ಸ್ಕೂಟರ್ ಓಡಿಸುವುದು ಬೇಡ.

ನಡೆಯುವಾಗ ಎದೆ ಬಿಗಿದರೆ ನಿಲ್ಲಿ, ಕುಳಿತುಕೊಳ್ಳಿ. ವೈದ್ಯರು ಕೊಟ್ಟಿದ್ದರೆ ನಾಲಿಗೆಯಡಿ ಮಾತ್ರೆ ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ಎರಡು ಮೂರು ದಿನದಲ್ಲೇ ಎರಡು ಕೆ.ಜಿ. ತೂಕ ಏರಿದರೆ, ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಮಾತ್ರೆಯ ವಿಷಯ. ಸ್ಟೆಂಟ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ, ಆಮೇಲೆ ಒಂದನ್ನು ಮುಂದುವರಿಸುತ್ತಾರೆ. ಸ್ವಂತ ತೀರ್ಮಾನದಿಂದ ಬಿಟ್ಟರೆ ಸ್ಟೆಂಟ್ ಒಳಗೇ ಗಡ್ಡೆ ಕಟ್ಟಬಹುದು. ಹಲ್ಲು ಕೀಳಿಸುವ ಮೊದಲೂ ವೈದ್ಯರಿಗೆ ತಿಳಿಸಿ. ಪುನರ್ಪುಳಿ ಶರಬತ್ತು, ಬೆಳ್ಳುಳ್ಳಿ, ಕಷಾಯ ಯಾವುದೂ ಆ ಮಾತ್ರೆಯ ಜಾಗ ತುಂಬುವುದಿಲ್ಲ. ಗ್ರಹಚಾರ ಎಂದು ಶಾಂತಿ ಮಾಡಿಸಲು ಹೊರಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಶರಣರ ದಾರಿ ಹಿಡಿದವರು ಆ ದುಡ್ಡನ್ನು ಮಾತ್ರೆಗೆ, ರಕ್ತ ಪರೀಕ್ಷೆಗೆ ಇಡಬೇಕು.

ಈಗ ಊಟ. ನಾವು ಸಸ್ಯಾಹಾರಿಗಳು, ನಮಗೆ ಹೃದಯದ ಕಾಯಿಲೆ ಬರುವುದಿಲ್ಲ ಎಂಬ ಮಾತನ್ನು ಬಿಟ್ಟುಬಿಡಿ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಂಬಾಕು, ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಇವೆಲ್ಲ ಮುಖ್ಯ ಕಾರಣಗಳೆಂದು ಕಂಡಿತು. ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸುಮಾರು ಆರು ವರ್ಷ ಮೊದಲೇ ಆಗುತ್ತಿತ್ತು. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಒಂದು ಚಹಾ ಚಮಚ, ಮೀರಬಾರದು. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಅದರ ಜೊತೆಗಿನ ಮಿಡಿ ಉಪ್ಪಿನಕಾಯಿ, ಹಪ್ಪಳಗಳಲ್ಲೇ ಆ ಲೆಕ್ಕ ಮುಗಿದುಹೋಗುತ್ತದೆ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೌಕರಿ ಮಾಡುವವರಿಗೂ ಒಂದು ಮಾತು: ಜೋಳದ ರೊಟ್ಟಿ, ಸೊಪ್ಪು, ಮೊಳಕೆಕಾಳು ಬಿಡಬೇಡಿ. ಸಂಜೆಯ ಮಿರ್ಚಿ ಭಜಿ ಬಿಡಿ.

ಅಡಿಕೆ ಈ ಸೀಮೆಯ ಬದುಕು. 1956ರಿಂದಲೂ ಅಡಿಕೆ ಸಂಶೋಧನಾ ಕೇಂದ್ರ ಇರುವ ಊರಿದು. ಆದರೆ ಎಲೆ ಅಡಿಕೆಯ ಜೊತೆಗೆ ಬಾಯಿಗೆ ಹೋಗುವ ಹೊಗೆಸೊಪ್ಪು ಹೃದಯಕ್ಕೆ ಶತ್ರು; ಅಡಿಕೆ ಜಗಿಯುವುದೇ ಬಾಯಿ ಕ್ಯಾನ್ಸರಿಗೂ ದಾರಿ. ಬೀಡಿ, ಸಿಗರೇಟು ಬಿಟ್ಟ ಒಂದು ವರ್ಷದಲ್ಲಿ ಹೃದಯ ಕಾಯಿಲೆಯ ಅಪಾಯ ಸೇದುವವರಿಗಿಂತ ಅರ್ಧದಷ್ಟಕ್ಕೆ ಇಳಿಯುತ್ತದೆ. ಯಾವ ಮಾತ್ರೆಯೂ ಇಷ್ಟು ಅಗ್ಗವಾಗಿ ಇಷ್ಟು ಲಾಭ ಕೊಡುವುದಿಲ್ಲ.

ತಾಯಂದಿರ ಬಗ್ಗೆ ಹೇಳಲೇಬೇಕು. ಯಜಮಾನರಿಗೆ ಸ್ಟೆಂಟ್ ಹಾಕಿದರೆ ಮನೆಯವರೆಲ್ಲ ಸುತ್ತ ನಿಲ್ಲುತ್ತಾರೆ. ಅಮ್ಮನಿಗೆ ಹಾಕಿದರೆ ವಾರ ಕಳೆಯುವ ಮೊದಲೇ ಅವರು ಒಲೆಯ ಮುಂದೆ ಇರುತ್ತಾರೆ. ಅವರ ನಡಿಗೆಗೆ ಸಮಯವಿಲ್ಲ, ತಪಾಸಣೆಗೆ ಕರೆದೊಯ್ಯುವವರಿಲ್ಲ. ಹೆಣ್ಣು ಗಂಡು ಸಮಾನರೆಂದು ಗೋಷ್ಠಿಯಲ್ಲಿ ಹೇಳುವ ನಾವು ಮನೆಯಲ್ಲಿ ಆ ಅರ್ಧ ಗಂಟೆಯನ್ನು ಅವರಿಗೆ ಬಿಡಿಸಿಕೊಡಬೇಕು. ಅಷ್ಟು ಹೊತ್ತು ಸೌಟು ಮಗನ ಕೈಯಲ್ಲಿರಲಿ.

ಹೃದಯಾಘಾತದ ನಂತರ ಮನಸ್ಸು ಕುಗ್ಗುವುದು ಸಾಮಾನ್ಯ. ನಿದ್ದೆ ಬರುವುದಿಲ್ಲ, ಮಾತು ಬೇಡವೆನಿಸುತ್ತದೆ, ಮಾತ್ರೆ ನುಂಗುವುದೂ ತಪ್ಪುತ್ತದೆ. ಇದು ದೌರ್ಬಲ್ಯವಲ್ಲ, ಚಿಕಿತ್ಸೆ ಇರುವ ತೊಂದರೆ. ದಿನಾ ಇಷ್ಟಲಿಂಗಕ್ಕೆ ಕೂರುವವರಿಗೆ ಆ ಹೊತ್ತಿನ ನೆಮ್ಮದಿ ನೆರವಾಗುತ್ತದೆ. ಎರಡು ವಾರವಾದರೂ ಮನಸ್ಸು ತಿಳಿಯಾಗದಿದ್ದರೆ ವೈದ್ಯರಿಗೆ ಹೇಳಿ.

ಕೊನೆಯದಾಗಿ, ಮಠಗಳಿಗೂ ಬಳಗಗಳಿಗೂ ನನ್ನ ಮೂರು ಕೋರಿಕೆಗಳಿವೆ. ದಾಸೋಹದ ಅಡುಗೆಯಲ್ಲಿ ಉಪ್ಪು, ಎಣ್ಣೆ, ಸಿಹಿ ಕಡಿಮೆ ಮಾಡಿ, ತರಕಾರಿ ಹೆಚ್ಚಿಸಿ. ಪ್ರತಿ ಗೋಷ್ಠಿಗೂ ಮೊದಲು ಆಶಾ ಕಾರ್ಯಕರ್ತೆಯರ, ದಾದಿಯರ ನೆರವು ಪಡೆದು ರಕ್ತದೊತ್ತಡ, ಸಕ್ಕರೆ ನೋಡಿಸಿ. ಊರಿನಲ್ಲಿ ಹೃದಯದ ಚಿಕಿತ್ಸೆ ಆದವರೊಡನೆ ಬೆಳಿಗ್ಗೆ ನಡೆಯಲು ಒಬ್ಬ ಜೊತೆಗಾರರನ್ನು ಗೊತ್ತುಮಾಡಿ. ಒಬ್ಬರೇ ನಡೆಯುವ ಭಯ ಹೋದರೆ ಅರ್ಧ ಪುನಶ್ಚೇತನ ಆದ ಹಾಗೆಯೇ. ಇದಕ್ಕೆ ದೊಡ್ಡ ಹಣ ಬೇಡ, ಮುಂಜಾನೆ ಎದ್ದು ಬರುವವರೊಬ್ಬರು ಸಾಕು. ಇಂಥ ಸೇವೆಯನ್ನು ದಾಸೋಹವೆಂದೇ ತಿಳಿಯೋಣ.