ಬಿಡುಗಡೆಗೆ ಮುನ್ನ ಒಮ್ಮೆ ನೋಡಿ ಕೊಡಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇದೇ ಶಾಲೆಯ ಬೆಂಚಿನ ಮೇಲೆ ಕೂತು ಹತ್ತನೇ ತರಗತಿ ಪಾಸಾದವನು ನಾನು. ಈಗ ಬೆಂಗಳೂರಿನಲ್ಲಿ ತಂತ್ರಾಂಶಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವ್ವ, "ಅದೇನಪ್ಪಾ ನೀನು ಮಾಡೋದು?" ಅಂತ ಕೇಳಿದಳು. "ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕೋದು ಕಣವ್ವ" ಅಂದೆ. "ಅದಕ್ಕೂ ಸಂಬಳ ಕೊಡ್ತಾರಾ?" ಅಂದಳು. ಇವತ್ತು ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡಿ ಎಂದು ನಿಮ್ಮನ್ನು ಕೇಳಿಕೊಳ್ಳಲು ಬಂದಿದ್ದೇನೆ.

ನಮ್ಮದು ರೇಷ್ಮೆ ಸೀಮೆ. ಹುಳು ಸಾಕುವ ಮನೆಯವರಿಗೆ ಗಂಟುರೋಗ ಎಂದರೆ ಎದೆ ನಡುಗುತ್ತದೆ. ಈ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಕೃಷಿ ಈ ರೋಗದಿಂದ ನೆಲಕಚ್ಚಿದಾಗ ಲೂಯಿ ಪಾಶ್ಚರ್ ಒಂದು ದಾರಿ ಕಂಡುಹಿಡಿದರು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವುದು. ಇವತ್ತಿಗೂ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯನ್ನು ಪರೀಕ್ಷಿಸಿಯೇ ರೈತರಿಗೆ ಮೊಟ್ಟೆ ಕೊಡುತ್ತಾರೆ. ಕೋಠಿಯಲ್ಲಿ ಕಂಡ ದೋಷ ಒಂದು ಚಿಟ್ಟೆಯದು. ರೈತನ ಮನೆ ಸೇರಿದ ಮೇಲೆ ಕಂಡರೆ ತಟ್ಟೆಗಟ್ಟಲೆ ಹುಳು ತಿಪ್ಪೆಗೆ ಹೋಗುತ್ತದೆ. ತಂತ್ರಾಂಶದ ಪರೀಕ್ಷೆಯೂ ಇಷ್ಟೇ.

ಮುಕ್ತ ತಂತ್ರಾಂಶ ಎಂದರೆ ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಬರಹವನ್ನು ತೆರೆದು ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶ. ಉಬುಂಟು, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇವೆಲ್ಲ ಆ ಜಾತಿಯವು. ಉಬುಂಟುವಿನ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬರುತ್ತದೆ. ಅದಕ್ಕೆ ಕೆಲವು ವಾರ ಮುಂಚೆ 'ಬೀಟಾ' ಎಂಬ ಹೆಸರಿನಲ್ಲಿ ಒಂದು ಪ್ರತಿಯನ್ನು ಎಲ್ಲರ ಕೈಗೂ ಕೊಡುತ್ತಾರೆ. "ನೋಡಿ, ತಪ್ಪಿದ್ದರೆ ಈಗಲೇ ಹೇಳಿ" ಎಂಬುದು ಅದರ ಅರ್ಥ. ಹಾಗೆ ನೋಡುವವರಲ್ಲಿ ಬಹಳ ಜನ ನಮ್ಮ ನಿಮ್ಮಂಥ ಸ್ವಯಂಸೇವಕರು.

ಲೋಕದ ತುಂಬ ಪರೀಕ್ಷಕರಿರುವಾಗ ಬೈರಮಂಗಲದವರು ಏಕೆ ಬೇಕು ಎಂದು ನೀವು ಕೇಳಬಹುದು. ಉತ್ತರ ನಮ್ಮ ಅಕ್ಷರಗಳಲ್ಲಿದೆ. 'ಸೂರ್ಯ' ಎಂದು ಬೆರಳಚ್ಚು ಮಾಡುವಾಗ ನಾವು ರಕಾರವನ್ನು ಮೊದಲು ಒತ್ತುತ್ತೇವೆ, ಯಕಾರವನ್ನು ಆಮೇಲೆ. ಆದರೆ ತೆರೆಯ ಮೇಲೆ ಆ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರಬೇಕು. 'ರ‍್ಯಾಂಕ್' ಎಂದು ಬರೆಯುವಾಗ ಅದೇ ರಕಾರ ಎಲ್ಲಿಗೂ ಹೋಗಬಾರದು, ಯಕಾರ ಒತ್ತಾಗಬೇಕು. ಅದಕ್ಕಾಗಿ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸುತ್ತಾರೆ. ಇಷ್ಟು ನಾಜೂಕಿನ ಕೆಲಸದಲ್ಲಿ ಎಲ್ಲಾದರೂ ಎಡವಿದರೆ ಜರ್ಮನಿಯಲ್ಲಿ ಕೂತ ಇಂಜಿನಿಯರಿಗೆ ಅದು ಕಾಣುವುದಿಲ್ಲ. ಅವರಿಗೆ ಸರಿಯಾದ ಕನ್ನಡವೂ ಚಿತ್ರವೇ, ಕೆಟ್ಟ ಕನ್ನಡವೂ ಚಿತ್ರವೇ. ಆದರೆ ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿ ಒಂದೇ ನೋಟದಲ್ಲಿ, "ಸಾರ್, ಒತ್ತು ತಪ್ಪಾಗಿದೆ" ಎನ್ನುತ್ತಾಳೆ.

2018ರ ಫೆಬ್ರುವರಿಯಲ್ಲಿ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತೆಲುಗಿನ 'ಜ್ಞಾ' ಅಕ್ಷರದ ಒಂದು ರೂಪ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ದಿಢೀರನೆ ಮುಚ್ಚಿಕೊಳ್ಳುತ್ತಿದ್ದವು. ಆ್ಯಪಲ್ ಕಂಪನಿ ಅದೇ ತಿಂಗಳು ಅದನ್ನು ಸರಿಪಡಿಸಿತು. ಅದು ಮುಕ್ತ ತಂತ್ರಾಂಶವಲ್ಲ, ನಿಜ. ಆದರೂ ಪಾಠ ಒಂದೇ: ಎಷ್ಟೇ ಹಣವಿದ್ದರೂ ಆ ಭಾಷೆಯನ್ನು ದಿನಾ ಬರೆಯುವವರ ಕಣ್ಣಿಗೆ ಬದಲಿಯಿಲ್ಲ.

ಈಗ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕಳೆದ ವರ್ಷ ಒಂದು ಮುಕ್ತ ತಂತ್ರಾಂಶದ ಬೀಟಾ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡಿದ್ದೆ. ಕನ್ನಡ ಪುಟವನ್ನು ಪಿಡಿಎಫ್ ಮಾಡಿದರೆ ಅರ್ಕಾವತ್ತು ಜಾರಿ ಪಕ್ಕದ ಅಕ್ಷರದ ಮೇಲೆ ಹತ್ತಿ ಕೂರುತ್ತಿತ್ತು. ಕಂಡೆ. ಯಾರಾದರೂ ತಿಳಿಸಿರುತ್ತಾರೆ ಬಿಡು ಎಂದು ಸುಮ್ಮನಾದೆ. ಯಾರೂ ತಿಳಿಸಿರಲಿಲ್ಲ. ದೋಷದ ಸಮೇತ ತಂತ್ರಾಂಶ ಬಿಡುಗಡೆಯಾಯಿತು.

ಕೆಲವು ತಿಂಗಳ ನಂತರ ಈ ಸ್ಮರಣ ಸಂಚಿಕೆಯ ಕೆಲಸ ಶುರುವಾಯಿತು. ಐವತ್ತು ವರ್ಷಗಳ ವಿದ್ಯಾರ್ಥಿಗಳ ಪಟ್ಟಿಯನ್ನು ಮೇಷ್ಟ್ರು ಹಾಜರಿ ಪುಸ್ತಕಗಳಿಂದ ಎತ್ತಿ ಬೆರಳಚ್ಚು ಮಾಡಿಸಿದ್ದರು. ಪಿಡಿಎಫ್ ತೆರೆದು ನೋಡಿದರೆ ಪಾರ್ವತಮ್ಮ, ಅರ್ಜುನ, ಸೂರ್ಯನಾರಾಯಣ ಎಲ್ಲ ಹೆಸರುಗಳೂ ಕೆಟ್ಟು ಹೋಗಿದ್ದವು. ನಾನು ಸುಮ್ಮನೆ ಬಿಟ್ಟ ಅದೇ ದೋಷ. ಆ ಪಟ್ಟಿಯಲ್ಲಿ ಈಗ ನಮ್ಮೊಂದಿಗಿಲ್ಲದವರೂ ಇದ್ದಾರೆ. "ನನ್ನ ಹೆಸರು ತಪ್ಪಾಗಿದೆ" ಎಂದು ಹೇಳಲು ಅವರು ಬರಲಾರರು. ಮೇಷ್ಟ್ರೂ ನಾನೂ ಎರಡು ರಾತ್ರಿ ಕೂತು ಬೇರೆ ತಂತ್ರಾಂಶದಲ್ಲಿ ಪುಟಗಳನ್ನು ಮತ್ತೆ ಕಟ್ಟಿದೆವು. ಆಮೇಲೆ ದೋಷವನ್ನು ತಯಾರಕರಿಗೆ ತಿಳಿಸಿದೆ. "ಇದರಲ್ಲಿ ಯಾವುದು ಸರಿ, ಯಾವುದು ತಪ್ಪು?" ಎಂದು ಅವರು ಕೇಳಿದರು. ಎರಡು ಚಿತ್ರ ಕಳಿಸಿದೆ. ಮುಂದಿನ ತಿದ್ದುಪಡಿಯಲ್ಲಿ ಸರಿಯಾಯಿತು. ಹತ್ತು ನಿಮಿಷದ ಕೆಲಸ. ಬೀಟಾ ಬಂದ ದಿನವೇ ಮಾಡಬಹುದಾಗಿತ್ತು.

ಈ ಕೆಲಸಕ್ಕೆ ಪ್ರೋಗ್ರಾಮ್ ಬರೆಯುವುದು ಗೊತ್ತಿರಬೇಕಿಲ್ಲ. ಒಂದೆರಡು ಎಚ್ಚರಿಕೆ ಮಾತ್ರ ಬೇಕು. ಬೀಟಾ ಪ್ರತಿಯನ್ನು ಪರೀಕ್ಷೆಯ ಅಂಕಪಟ್ಟಿ, ಮನೆಯ ಲೆಕ್ಕ ಇರುವ ಕಂಪ್ಯೂಟರಿಗೆ ಹಾಕಬೇಡಿ. ಉಬುಂಟುವನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು; ಕಂಪ್ಯೂಟರಿನ ಒಳಗೆ ಅಳವಡಿಸಲೇಬೇಕೆಂದಿಲ್ಲ. ದೋಷ ಕಂಡರೆ ಇನ್ನೊಮ್ಮೆ ಅದೇ ರೀತಿ ಮಾಡಿ, ಮತ್ತೆ ಬರುತ್ತದೆಯೇ ನೋಡಿ. ನಂತರ ಮೂರು ಮಾತು ಬರೆಯಿರಿ: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ತಂತ್ರಾಂಶದ ಆವೃತ್ತಿಯ ಸಂಖ್ಯೆ ಬರೆಯಿರಿ, ತೆರೆಯ ಚಿತ್ರ ಸೇರಿಸಿ. "ಕನ್ನಡ ಸರಿಯಾಗಿ ಬರ್ತಿಲ್ಲ" ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾರರು. ಇಂಗ್ಲಿಷ್ ಹರಕುಮುರುಕಾದರೂ ನಡೆಯುತ್ತದೆ. ಚಿತ್ರ ಮಾತಾಡುತ್ತದೆ.

ಪರೀಕ್ಷೆಗೆ ಬೇಕಾದ ಪದಗಳು ನಿಮ್ಮ ಪಠ್ಯಪುಸ್ತಕದಲ್ಲೇ ಇವೆ. ರಾಷ್ಟ್ರ, ಸ್ವಾತಂತ್ರ್ಯ, ಅರ್ಕಾವತಿ, ಜ್ಞಾನ ಎಂದು ಬರೆದು ನೋಡಿ. ಅಕಾರಾದಿಯಾಗಿ ಜೋಡಿಸಿ ನೋಡಿ, ಹುಡುಕಿ ನೋಡಿ, ಮುದ್ರಿಸಿ ನೋಡಿ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳಿವೆ, ಅವುಗಳಲ್ಲೂ ನೋಡಿ. ವರ್ಷಕ್ಕೆ ಎರಡು ಶನಿವಾರ ನಮ್ಮ ಶಾಲೆಯ ಮಕ್ಕಳೊಂದಿಗೆ ಕೂತು ಈ ಕೆಲಸ ಮಾಡಲು ನಾನು ಬರುತ್ತೇನೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ.

ಕೊನೆಯದಾಗಿ ಒಂದು ಮಾತು. ನಮ್ಮ ಕೆರೆಯ ಕಥೆ ನಿಮಗೆ ನಾನು ಹೇಳಬೇಕಿಲ್ಲ. ವೃಷಭಾವತಿಗೆ ಬೆಂಗಳೂರು ಬಿಟ್ಟದ್ದೆಲ್ಲ ಹರಿದು ಬಂದು ನಿಲ್ಲುವುದು ಬೈರಮಂಗಲದ ಕೆರೆಯಲ್ಲಿ. ಹೊಳೆಯ ಮೇಲ್ಗಡೆ ಆದ ತಪ್ಪನ್ನು ಕೆಳಗಡೆಯವರು ಉಣ್ಣುವುದು ಹೇಗಿರುತ್ತದೆ ಎಂದು ನಮಗೆ ಗೊತ್ತು. ಮುಕ್ತ ತಂತ್ರಾಂಶದವರೂ ಇದೇ ಮಾತನ್ನು ಬಳಸುತ್ತಾರೆ. ಮೂಲ ತಯಾರಕರನ್ನು ಅವರು 'ಅಪ್‌ಸ್ಟ್ರೀಮ್', ಅಂದರೆ ಹೊಳೆಯ ಮೇಲ್ಗಡೆಯವರು ಎಂದು ಕರೆಯುತ್ತಾರೆ. ಒಂದೇ ವ್ಯತ್ಯಾಸ: ಈ ಹೊಳೆಯ ಮೇಲ್ಗಡೆಯವರು "ಏನಾದರೂ ತಪ್ಪಿದೆಯೇ?" ಎಂದು ನಮ್ಮನ್ನು ಮೊದಲೇ ಕೇಳುತ್ತಿದ್ದಾರೆ. ಕೇಳಿದಾಗ ನಾವು ಸುಮ್ಮನಿದ್ದರೆ ಆಮೇಲೆ ದೂರುವ ಹಕ್ಕು ಎಲ್ಲಿರುತ್ತದೆ?