ಹಕ್ಕಲಾಯುವ ಓದು



ಬೈಬಲಿನ ಬಗ್ಗೆ ಹೊಸದೇನು ಹೇಳ್ತೀರಿ ಅಂತ ಈ ಸಭೆಯ ಬಾಗಿಲಲ್ಲೇ ಒಬ್ಬರು ಕೇಳಿದರು. ಹೊಸ ಕತೆ ಯಾವುದೂ ಇಲ್ಲ. ಎರಡೇ ಕತೆ, ಎರಡೂ ಹಳೆಯವು: ಸುವಾರ್ತೆಯ ಬಿತ್ತುವವನ ಸಾಮ್ಯ ಮತ್ತು ರೂತಳ ಕತೆ. ಚರ್ಚಿನ ಮೆಟ್ಟಿಲು ಹತ್ತದವರೂ ಇವನ್ನು ಎಲ್ಲಾದರೂ ಕೇಳಿರುತ್ತೀರಿ. ಇವು ಕೊಯ್ಲು ಮುಗಿದ ಹೊಲಗಳು. ಪಂಡಿತರು, ಸಭಾಪಾಲಕರು ಕೊಯ್ದು, ಸೂಡು ಕಟ್ಟಿ, ಬಣವೆ ಒಟ್ಟಿ ಆಗಿದೆ. ನಮಗೆ ಉಳಿದಿರುವುದು ಹಕ್ಕಲು, ಕೊಯ್ದವರು ಬಿಟ್ಟುಹೋದ ತೆನೆ.

ಹಕ್ಕಲು ಎಂಬ ಮಾತು ನಾನು ತಂದು ತುರುಕಿದ್ದಲ್ಲ, ಅದು ಕನ್ನಡ ಬೈಬಲಿನದೇ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಆಮೇಲೆ ಬಾಸೆಲ್ ಮಿಶನ್ನಿನ ವೈಗಲ್ ಮೊದಲಾದವರು ಅದನ್ನು ತಿದ್ದಿದರು. ಆಗ ಹೊಳೆಯ ಆಚೆ ಬಳ್ಳಾರಿಯಲ್ಲಿ ಕಂಪನಿ ಸರ್ಕಾರ, ಈಚೆ ನಮ್ಮ ಕೊಪ್ಪಳದ ಕಡೆ ನಿಜಾಮರ ಸೀಮೆ. ರಾಜ್ಯ ಎರಡಾದರೂ ಒಕ್ಕಲುತನದ ಮಾತು ಒಂದೇ. ಕಣ, ಮೊರ, ಸಿವುಡು, ತೂರುವುದು, ಹಕ್ಕಲಾಯುವುದು: ಇವೆಲ್ಲ ಹೊಲದಿಂದ ನೇರವಾಗಿ ವೇದಪುಸ್ತಕಕ್ಕೆ ಹೋದ ಮಾತುಗಳು. ನಾವೇ ಅವನ್ನು ಭಾನುವಾರದ ದನಿಯಲ್ಲಿ ಕೇಳಿ ಕೇಳಿ, ಅವು ನಮ್ಮ ಹೊಲದವೆಂಬುದನ್ನು ಮರೆತೆವು.

ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಬಿತ್ತುವವನ ಸಾಮ್ಯ ಓದಿ ಮುಗಿಸಿದಾಗ ಒಬ್ಬ ಅಜ್ಜಿ ಕೇಳಿದಳು: “ಅವರ ಊರಾಗ ಕೂರಿಗಿ ಇರಲಿಲ್ಲೇನ್ರಿ?” ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಆಕೆ ವಯಸ್ಸಿಡೀ ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಕಾಳು ಬಿಟ್ಟವಳು. ಬೆರಳ ಸಂದಿನಿಂದ ಲೆಕ್ಕ ಹಿಡಿದು ಬಿಟ್ಟ ಕಾಳು ತಾಳಿನೊಳಗೆ ಇಳಿದು ಸಾಲಿಗೇ ಬೀಳಬೇಕು. ದಾರಿಗೆ ಒಂದಿಷ್ಟು, ಬಂಡೆಗೆ ಒಂದಿಷ್ಟು, ಮುಳ್ಳಿಗೆ ಒಂದಿಷ್ಟು ಬೀಳಿಸುವವನನ್ನು ಯಲಬುರ್ಗಾದಲ್ಲಿ ಯಾರೂ ಎರಡನೇ ದಿನ ಬಿತ್ತಲಿಕ್ಕೆ ಕರೆಯುವುದಿಲ್ಲ.

ಬಾಬೆಲಿನ ಬಯಲಿನಲ್ಲಿ ಕೂರಿಗೆಯಂಥ ನೇಗಿಲು ಬಹಳ ಹಿಂದೆಯೇ ಇತ್ತು. ಗಲಿಲಾಯದ ಕಲ್ಲುಹೊಲಗಳಲ್ಲಿ ಮಾತ್ರ ಕೈಯಿಂದ ಬೀರುವುದೇ ರೂಢಿ. ಮೊದಲು ಬೀಜ ಬೀರಿ ಆಮೇಲೆ ಉಳುತ್ತಿದ್ದರು, ಹಾಗಾಗಿ ದಾರಿಯ ಮೇಲೆ ಬಿದ್ದದ್ದು ದಡ್ಡತನವಲ್ಲ ಎಂದು ಜರ್ಮನಿಯ ವಿದ್ವಾಂಸ ಯೋವಾಕಿಮ್ ಜೆರೆಮಿಯಾಸ್ ವಾದಿಸಿದರು. ಒಪ್ಪದವರೂ ಇದ್ದಾರೆ. ಈ ಜಗಳಕ್ಕಿಂತ ಅಜ್ಜಿಯ ಪ್ರಶ್ನೆ ನನಗೆ ದೊಡ್ಡದು, ಏಕೆಂದರೆ ಆಕೆ ನೆಲವನ್ನು ಬಿಟ್ಟು ಬಿತ್ತುವವನ ಕೈ ನೋಡಿದಳು. ನಮಗೆ ಕಲಿಸಿದ್ದು ನೆಲ ನೋಡುವುದನ್ನು: ನಾನು ಯಾವ ನೆಲ, ನನ್ನೊಳಗೆ ಎಷ್ಟು ಮುಳ್ಳು. ಆ ವಿವರಣೆ ಸುವಾರ್ತೆಯಲ್ಲೇ ಇದೆ, ನಾನು ಅಲ್ಲಗಳೆಯುತ್ತಿಲ್ಲ.

ಇನ್ನು ಇಳುವರಿಯ ಮಾತು. ಒಳ್ಳೆಯ ನೆಲಕ್ಕೆ ಬಿದ್ದ ಬೀಜ ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಕೊಟ್ಟಿತು ಎಂದಾಗ ಗಲಿಲಾಯದ ರೈತ ಬಾಯಿ ಬಿಟ್ಟು ಕೇಳಿರಬೇಕು. ಗೋಧಿ ಹತ್ತರಷ್ಟು ಬಂದರೆ ಅಲ್ಲಿ ಒಳ್ಳೆಯ ಬೆಳೆ. ಇಸಾಕನು ಗೆರಾರಿನಲ್ಲಿ ನೂರರಷ್ಟು ಬೆಳೆದದ್ದನ್ನು ಆದಿಕಾಂಡ ದೇವರ ಆಶೀರ್ವಾದವೆಂದೇ ಬರೆದಿಟ್ಟಿದೆ. ನಮ್ಮ ಲೆಕ್ಕ ಬೇರೆ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಎಕರೆಗೆ 3 ಕಿಲೊ ಬೀಜ ಹಿಡಿಯುತ್ತದೆ, ಹಸಿ ಕೈಕೊಡದಿದ್ದರೆ 4 ಕ್ವಿಂಟಲ್ ಬರುತ್ತದೆ. ಒಂದಕ್ಕೆ 130ರ ಮೇಲಾಯಿತು. ಗಂಗಾವತಿಯ ಕಾಲುವೆ ಕೆಳಗೆ 25 ಕಿಲೊ ಭತ್ತದ ಸಸಿ ಹಾಕಿ ನಾಟಿ ಮಾಡಿದವರು 25 ಕ್ವಿಂಟಲ್ ಎತ್ತಿದರೆ ಅದೂ ನೂರರಷ್ಟೇ, ಹೆಮ್ಮೆ ಪಡುವಂಥದ್ದೇನಲ್ಲ. ಸಾಮ್ಯದ ಪವಾಡ ಇಲ್ಲಿಗೆ ಬರುವಷ್ಟರಲ್ಲಿ ಸಾಧಾರಣ ಫಸಲಾಗಿಬಿಡುತ್ತದೆ! ಹಾಗಾಗಿ ನಮಗೆ ಬೆರಗು ಉಳಿಯುವುದು ಚೆಲ್ಲಿಹೋದ ಬೀಜದಲ್ಲಿ.

ಅಜ್ಜಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಎಳ್ಳಮಾಸಿಯ ದಿನ ಕುಷ್ಟಗಿ ಕಡೆಯ ಗೆಳೆಯರೊಬ್ಬರ ಹೊಲಕ್ಕೆ ಹೋದಾಗ ಹೊಳೆಯಿತು. ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಲೆ ಕಲಸಿ ಚರಗ ಚೆಲ್ಲುತ್ತಿದ್ದರು. ಬದುವಿಗೆ, ದಾರಿಗೆ, ಕಲ್ಲಿನ ಮೇಲೆ, ಜಾಲಿಯ ಬುಡಕ್ಕೆ. ಕೂರಿಗೆಯಲ್ಲಿ ಕಾಳೆಣಿಸುವ ಅದೇ ಕೈ ಅಂದು ಲೆಕ್ಕ ಬಿಟ್ಟಿತ್ತು. ಹಕ್ಕಿ ತಿಂದರೆ ಯಾರಿಗೂ ನಷ್ಟವಿಲ್ಲ, ತಿನ್ನಲೆಂದೇ ಚೆಲ್ಲಿದ್ದು. ಆ ಬಿತ್ತುವವನನ್ನು ನಾವು ಇಷ್ಟು ದಿನ ಕೂರಿಗೆಯ ಹಿಂದೆ ನಿಲ್ಲಿಸಿ ತಪ್ಪು ಹುಡುಕಿದೆವು, ಅವನು ಚರಗ ಚೆಲ್ಲುವವನಿರಬಹುದು ಎನ್ನಿಸಿತು. ದಾರಿಗೂ ಬಂಡೆಗೂ ಅವನು ಕೊಟ್ಟೇ ಹೋಗುತ್ತಾನೆ.

ಈಗ ರೂತಳ ಕತೆ. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲೇ ಬರ ಬಿದ್ದು ಎಲೀಮೆಲೆಕನ ಸಂಸಾರ ಮೋವಾಬಿಗೆ ಹೋಯಿತು. ಕನ್ನಡದಲ್ಲಿ ಇದಕ್ಕೆ ಒಂದೇ ಮಾತು: ಗುಳೆ. ಕುಷ್ಟಗಿ, ಯಲಬುರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಮಂಗಳೂರು, ಗೋವಾ ಬಸ್ಸಿಗೆ ಗಂಟುಮೂಟೆ ಕಟ್ಟಿ ಕೂತವರನ್ನು ಕಂಡವರಿಗೆ ಆ ಮೊದಲ ಅಧ್ಯಾಯಕ್ಕೆ ಬೇರೆ ವ್ಯಾಖ್ಯಾನ ಬೇಡ. ಉಪದೇಶಗಳಲ್ಲಿ ನಾವು ಕೇಳುವುದು ಸೊಸೆ ರೂತಳ ನಿಷ್ಠೆಯನ್ನೇ. ನನ್ನನ್ನು ತಡೆದು ನಿಲ್ಲಿಸಿದ್ದು ಅತ್ತೆ, ಎಲೀಮೆಲೆಕನ ಹೆಂಡತಿ ನವೊಮಿಯ ಮಾತು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ ಊರಿಗೆ ಮರಳಿದವಳು, ಹೋಗುವಾಗ ತುಂಬಿದ್ದೆ, ಬರುವಾಗ ಬರಿದಾದೆ ಎಂಬರ್ಥದಲ್ಲಿ ಹಲುಬುತ್ತಾಳೆ. ಬರಗಾಲಕ್ಕೆ ಊರು ಬಿಟ್ಟವಳು ತುಂಬಿದ್ದದ್ದು ಹೇಗೆ? ಹೊಟ್ಟೆ ಖಾಲಿ ಇದ್ದಾಗಲೂ ಆಕೆಯ ಲೆಕ್ಕದಲ್ಲಿ ಮನೆ ತುಂಬಿತ್ತು.

ರೂತಳು ಪರದೇಶದವಳು, ವಿಧವೆ. ಜವೆಗೋಧಿಯ ಸುಗ್ಗಿಯಲ್ಲಿ ಹಕ್ಕಲಾಯಲು ಹೋಗುತ್ತಾಳೆ. ಅದು ಭಿಕ್ಷೆಯಲ್ಲ. ಹೊಲದ ಅಂಚು ಕೊಯ್ಯಬೇಡ ಎಂದು ಯಾಜಕಕಾಂಡ, ಮರೆತ ಸಿವುಡಿಗೆ ಹಿಂತಿರುಗಬೇಡ ಎಂದು ಧರ್ಮೋಪದೇಶಕಾಂಡ ಕಟ್ಟಳೆ ಮಾಡಿವೆ. ಹೊಲದ ಒಡೆಯ ಬೋವಜನು ಒಂದು ಹೆಜ್ಜೆ ಮುಂದೆ ಹೋಗಿ, ಸಿವುಡಿನಿಂದ ಬೇಕೆಂದೇ ಹಿರಿದು ಬೀಳಿಸಿರಿ ಎಂದು ಆಳುಗಳಿಗೆ ಹೇಳುತ್ತಾನೆ. ಊಟದ ಹೊತ್ತಿಗೆ ಅವಳನ್ನು ಕೂರಿಸಿ ಹುರಿದ ಕಾಳು ಕೊಡುತ್ತಾನೆ, ನಮ್ಮ ಸೀತನಿಯ ಹಾಗೆ. ತಿಂದು ಉಳಿದದ್ದನ್ನು ಅವಳು ಅತ್ತೆಗೆಂದು ಕಟ್ಟಿಕೊಳ್ಳುತ್ತಾಳೆ. ಇಂದು ಗಂಗಾವತಿಯ ಗದ್ದೆಗಳಲ್ಲಿ ಕಟಾವು ಮಷಿನ್ ಅಂಚಿನಿಂದ ಅಂಚಿಗೆ ಓಡಿ, ಕಾಳನ್ನು ನೇರ ಟ್ರ್ಯಾಕ್ಟರಿಗೆ ಸುರಿಯುತ್ತದೆ. ಮಷಿನ್ ಬೇಡ ಎನ್ನಲು ನಾನು ಯಾರು? ಆದರೆ ಅದಕ್ಕೆ ಮರೆವಿಲ್ಲ, ಮರೆತ ಸಿವುಡೂ ಇಲ್ಲ.

ಮೂರನೆಯ ಅಧ್ಯಾಯದ ಕೊನೆಯನ್ನು ನಾನು ಎಷ್ಟೋ ವರ್ಷ ಅವಸರದಲ್ಲಿ ದಾಟಿದ್ದೆ. ಕಣದಲ್ಲಿ, ನಸುಕಿನಲ್ಲಿ, ಬೋವಜನು ರೂತಳಿಗೆ ಹೊದಿಕೆ ಒಡ್ಡಲು ಹೇಳಿ ಆರು ಅಳತೆ ಜವೆಗೋಧಿ ಸುರಿಯುತ್ತಾನೆ. ಅತ್ತೆಯ ಬಳಿಗೆ ಬರಿಗೈಯಲ್ಲಿ ಹೋಗಬೇಡ ಎನ್ನುತ್ತಾನೆ. ನವೊಮಿ ತಾನು ಬರಿದಾದೆ ಎಂದಾಗ ಬಂದ ಹೀಬ್ರೂ ಪದವೇ ಇಲ್ಲಿ ಮತ್ತೆ ಬಂದಿದೆ, ಇಡೀ ಪುಸ್ತಕದಲ್ಲಿ ಇನ್ನೆಲ್ಲೂ ಇಲ್ಲ. ಇದನ್ನು ಓದಿದಾಗ ಸಭೆಯ ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳು ಪಕ್ಕದವಳಿಗೆ ಪಿಸುಗುಟ್ಟಿದ್ದು ನನಗೂ ಕೇಳಿತು: “ಉಡಿ ತುಂಬಿದ ನೋಡವ್ವಾ, ಗಂಡ ಸತ್ತಾಕಿಗೆ.”